ಕನ್ನಡ ಬಾರದ ಮಿಸ್ಸು

ಹೋದ ಭಾನುವಾರ ತಿ. ನರಸೀಪುರದಲ್ಲಿ ಅವರ ನುಡಿನಮನ ಇತ್ತು. ಅವರದು ಬುದ್ಧನನ್ನು ನಂಬಿದ ಮನೆ. ತಿಥಿ, ಸಮಾರಾಧನೆ ಎಲ್ಲ ಇಲ್ಲ. ಫೋಟೋ ಮುಂದೆ ಮೇಣದ ಬತ್ತಿ ಹಚ್ಚಿ, ಹೂವು ಹಾಕಿ, ಬಂದವರು ಒಂದೊಂದು ಮಾತು ಹೇಳಿ ಕೂರುವುದು. ನನ್ನ ಸರದಿ ಬಂದಾಗ ನಾನು ಮೈಕ್ ಹಿಡಿದು, 'ಏಳು ವರ್ಷ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದರು. ಇವರಿಗೆ ಕನ್ನಡ ಬರುತ್ತದೆ ಅನ್ನುವುದು ಕೊನೆಯವರೆಗೂ ಒಂದೇ ಒಂದು ಮಗುವಿಗೂ ಗೊತ್ತಾಗಲಿಲ್ಲ' ಎಂದು ಹೆಮ್ಮೆಯಿಂದ ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಒಬ್ಬರಲ್ಲ, ನಾಲ್ಕೈದು ಜನ.

ಸಾವಿನ ಸಭೆಯಲ್ಲಿ ನಗುವುದೆಂದರೇನು? ನನಗೆ ಮೈಯೆಲ್ಲ ಉರಿದುಹೋಯಿತು. ನೋಡಿದರೆ ನಮ್ಮ ಶಾಲೆಯ ಹಳೆಯ ಮಕ್ಕಳೇ, ಈಗ ದೊಡ್ಡವರಾಗಿ ಮೀಸೆ ಬಂದು, ಮದುವೆಯಾಗಿ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಕೂತಿದ್ದವರು. ಹಳೆಯ ಅಭ್ಯಾಸದಿಂದ ಕಣ್ಣು ಬಿಟ್ಟೆ, ತಲೆ ತಗ್ಗಿಸಿದರು. ಮಾತು ಮುಗಿಸಿ ಕೂತೆ. ಆ ನಗುವಿನ ಅರ್ಥ ಅರ್ಧ ಗಂಟೆಯ ಮೇಲೆ ಗೊತ್ತಾಯಿತು. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ಯಾರಿಗಾದರೂ ಹೇಳಿಕೊಳ್ಳಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಅವರ ಹೆಸರು ಬೇಡ. ಮಕ್ಕಳು ಮಿಸ್ ಎನ್ನುತ್ತಿದ್ದರು, ನಾನೂ ಅಷ್ಟೇ ಅನ್ನುತ್ತೇನೆ.

ನಂಜನಗೂಡಿನಿಂದ ಸುತ್ತೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂತರೆ ನಮ್ಮ ಶಾಲೆಯ ಊರು. ಒಂದರಿಂದ ಏಳನೇ ತರಗತಿ, ನಾನೂ ಸೇರಿ ನಾಲ್ಕು ಜನ ಟೀಚರು. ಮಿಸ್ ಅಲ್ಲಿಗೆ ಇಂಗ್ಲಿಷ್ ಕಲಿಸಲು ಬಂದ ಮೊದಲ ದಿನವೇ ತರಗತಿಗೆ ಹೋಗುವ ಮುಂಚೆ ಆಫೀಸ್ ರೂಮಿನ ಬಾಗಿಲು ಹಾಕಿ, 'ನನಗೆ ಕನ್ನಡ ಬರಲ್ಲ ಅಂತ ಮಕ್ಕಳಿಗೆ ಹೇಳಿಬಿಡಿ ಸಾರ್' ಎಂದರು. ಗುಂಡಗೆ, ಕುಳ್ಳಗೆ, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡಿದ್ದ ಹೆಂಗಸು. ನಿವೃತ್ತಿಗೆ ದಿನ ಎಣಿಸುತ್ತಿದ್ದ ಹೆಡ್‌ಮಾಸ್ಟರು, 'ಏನಾರ ಮಾಡ್ಕೊಳ್ಳಿ, ನನ್ನ ತಲೆಗೆ ತರಬೇಡಿ' ಎಂದರು. ನಾನು ಸುಮ್ಮನಿರುವ ಜಾತಿಯವನಲ್ಲ.

'ಅಲ್ಲ ಮಿಸ್, ತಿ. ನರಸೀಪುರದಲ್ಲಿ ಹುಟ್ಟಿ ಬೆಳೆದಿದ್ದೀರಿ. ಸರ್ಕಾರಿ ಶಾಲೆ ಟೀಚರ್‌ಗೆ ಕನ್ನಡ ಬರಲ್ಲ ಅಂದ್ರೆ ಯಾರು ನಂಬ್ತಾರೆ?'

'ದೊಡ್ಡೋರು ನಂಬದಿದ್ರೆ ಬಿಡಿ ಸಾರ್. ಮಕ್ಕಳು ನಂಬ್ತವೆ.'

ಆ ಮಾತನ್ನು ಈಗ ನೆನೆಸಿಕೊಂಡರೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ.

ಅವರ ಹಟಕ್ಕೆ ಕಾರಣವಿತ್ತು. ಶಾಲೆಯಲ್ಲಿ ಹತ್ತು ವರ್ಷ, ಕಾಲೇಜಿನಲ್ಲಿ ಐದು ವರ್ಷ ಇಂಗ್ಲಿಷ್ ಓದಿ ಪಾಸಾದ ಮೇಲೂ ಅವರಿಗೆ ಒಂದು ವಾಕ್ಯ ಮಾತಾಡಲು ಬರುತ್ತಿರಲಿಲ್ಲವಂತೆ. ಮದುವೆಯಾಗಿ ನಂಜನಗೂಡಿಗೆ ಬಂದಾಗ ಪಕ್ಕದ ಮನೆಗೆ ತಮಿಳಿನವರು ಬಂದರು. 'ಅವಳಿಗೆ ಕನ್ನಡ ಬರಲ್ಲ, ನನಗೆ ತಮಿಳು ಬರಲ್ಲ. ಇಬ್ಬರಿಗೂ ಒಂದೇ ನಲ್ಲಿ. ಜಗಳ ಆಡೋಕಾದ್ರೂ ಒಂದು ಭಾಷೆ ಬೇಕಲ್ಲ ಸಾರ್? ಎಂಟು ತಿಂಗಳಲ್ಲಿ ಇಂಗ್ಲಿಷ್ ಬಂದುಬಿಡ್ತು' ಎನ್ನುತ್ತಿದ್ದರು. ಗತಿಯಿಲ್ಲದಾಗ ಮಾತ್ರ ಮಾತು ಬರುತ್ತದೆ ಅನ್ನುವುದು ಅವರ ನಂಬಿಕೆ. 'ನಾನು ಮಕ್ಕಳಿಗೆ ಗತಿಯಿಲ್ಲದ ಹಾಗೆ ಮಾಡ್ತೀನಿ, ನೋಡ್ತಿರಿ' ಎಂದಿದ್ದರು.

ಮಾಡಿದರು, ಮಾರಾಯರೇ! ಗೇಟಿನ ಒಳಗೆ ಕಾಲಿಟ್ಟರೆ ಒಂದು ಅಕ್ಷರ ಕನ್ನಡ ಇಲ್ಲ. ಮೊದಲ ವಾರ ಮಕ್ಕಳು ಪಿಳಿಪಿಳಿ ಕಣ್ಣು ಬಿಟ್ಟವು. ಎರಡನೇ ವಾರ ಕೈಸನ್ನೆ ಶುರುವಾಯಿತು. ಮೂರು ತಿಂಗಳಿಗೆ 'ಮಿಸ್, ಐ ಗೋ ವಾಟರ್', 'ಮಿಸ್, ಹೀ ಬೀಟ್ ಮೀ, ಐ ನೋ ಬೀಟ್' ಅಂತ ದೂರುಗಳೆಲ್ಲ ಇಂಗ್ಲಿಷಿನಲ್ಲೇ. ಅವರು ಒಂದು ದಿನವೂ ತಿದ್ದಲಿಲ್ಲ. ತಪ್ಪು ತಿದ್ದೋಕೆ ಮುಂದೆ ಬೇಕಾದಷ್ಟು ಜನ ಸಿಗ್ತಾರೆ, ಈಗ ಮಾತಾಡಲಿ ಬಿಡಿ ಎನ್ನುತ್ತಿದ್ದರು. ಬಿಸಿಯೂಟದ ಅಡುಗೆಯಕ್ಕನನ್ನೂ ಈ ಆಟಕ್ಕೆ ಸೇರಿಸಿಕೊಂಡಿದ್ದರು. ಆಕೆ ಸೌಟು ಹಿಡಿದು, 'ಮಿಸ್ಸು, ಸಾರು ವಾಂಟಾ? ಮುದ್ದೆ ಫಿನಿಸ್ಸು, ಓನ್ಲಿ ಅನ್ನ' ಎಂದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು.

ಬಸ್ಸಿನಲ್ಲೂ ಅದೇ ಪಾಡು. ಸಂಜೆ ಬಸ್ಸಿಗೆ ಪಕ್ಕದೂರಿನ ಮಕ್ಕಳು ನಾಲ್ಕಾರು ಹತ್ತುತ್ತಿದ್ದವು. ಅವು ಇಳಿಯುವವರೆಗೆ ಮಿಸ್ಸಿಗೆ ಬಿಡುವಿಲ್ಲ. ಒಂದು ಸಲ ಹೊಸ ಕಂಡಕ್ಟರ್ ಬಂದಿದ್ದ. ಇವರು ಇಂಗ್ಲಿಷಿನಲ್ಲಿ ಟಿಕೆಟ್ ಕೇಳಿದ್ದೇ ತಡ, 'ನಾಕಕ್ಸರ ಕಲ್ತ್‌ಬುಟ್ರೆ ಏನ್ ಕೊಬ್ಬು ನೋಡ್ಲಾ ಇದ್ಕೆ' ಎಂದು ಡ್ರೈವರನಿಗೆ ಕೂಗಿ ಹೇಳಿದ. ನಾನು ನಗು ತಡೆಯಲಾರದೆ ಕಿಟಕಿ ಕಡೆ ತಿರುಗಿದೆ. ಮಿಸ್ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಮಕ್ಕಳು ಇಳಿದ ಮೇಲೆ ಎದ್ದು ಹೋಗಿ ಅವನಿಗೆ ಅಚ್ಚಗನ್ನಡದಲ್ಲಿ ಚಳಿ ಬಿಡಿಸಿ ಬಂದರು.

ಇನ್ನೊಂದು ಸಲ ಬೆಂಚು ಉರುಳಿ ಅವರ ಕಾಲಿನ ಮೇಲೆ ಬಿತ್ತು. 'ಓ ಮೈ ಗಾಡ್' ಎಂದು ಕಿರುಚಿ, ಕುಂಟುತ್ತ ಆಫೀಸ್ ರೂಮಿಗೆ ಬಂದು ಬಾಗಿಲು ಹಾಕಿದವರೇ 'ಅಯ್ಯಮ್ಮಾ, ಸತ್ತೇ!' ಎಂದು ಕುಸಿದು ಕೂತರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಹಾಗೆ ನೋಡಿದರೆ ಅವರು ಎಚ್ಚರ ತಪ್ಪುತ್ತಿದ್ದುದು ಒಂದೇ ಕೆಲಸದಲ್ಲಿ. ನೋಟ್‌ಬುಕ್‌ಗಳನ್ನು ಅಟ್ಟಿ ಮಾಡಿ ಹೆಬ್ಬೆರಳಿನಿಂದ ಎಣಿಸುವಾಗ ತುಟಿ ಮಾತ್ರ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ನಾನು ನೂರಾರು ಸಲ ಅದನ್ನು ನೋಡಿದ್ದೇನೆ, ಏನೂ ಅನ್ನಿಸಿರಲಿಲ್ಲ.

ಮಿಸ್ಸಿಗೆ ಕನ್ನಡ ಬರದಿದ್ದರಿಂದ ಇನ್ನೊಂದು ಲಾಭವಾಯಿತು. ಮಕ್ಕಳು ಅವರ ಟೇಬಲ್ಲಿಗೆ ಒರಗಿ ನಿಂತುಕೊಂಡು ತಮ್ಮ ತಮ್ಮಲ್ಲೇ ಮನೆಯ ಸಂಗತಿಯೆಲ್ಲ ಮಾತಾಡುತ್ತಿದ್ದವು. ಒಬ್ಬನಿಗೆ ಚಪ್ಪಲಿ ಇಲ್ಲ. ಒಬ್ಬಳಿಗೆ ಬೋರ್ಡು ಮಸುಕಾಗಿ ಕಾಣುತ್ತದೆ. ಒಬ್ಬನ ಅಪ್ಪ ಕುಡಿದು ಬಂದು ಪುಸ್ತಕ ಒಲೆಗೆ ಹಾಕಿದ. ಮಿಸ್ ತಲೆಯೆತ್ತದೆ ಕಾಪಿ ತಿದ್ದುತ್ತ ಎಲ್ಲ ಕೇಳಿಸಿಕೊಂಡು, ಆಮೇಲೆ ಆಫೀಸ್ ರೂಮಿಗೆ ಬಂದು ನನ್ನ ಕಿವಿಗೆ ಹಾಕುತ್ತಿದ್ದರು. ವಾರದೊಳಗೆ ಚಪ್ಪಲಿಯೋ ಕನ್ನಡಕವೋ ಪುಸ್ತಕವೋ ತಂದು ನನ್ನ ಕೈಯಿಂದ ಕೊಡಿಸುತ್ತಿದ್ದರು. ಮೇಷ್ಟ್ರಿಗೆ ಕೇಳದೇ ಎಲ್ಲ ಗೊತ್ತಾಗುತ್ತದೆ ಅಂತ ಮಕ್ಕಳು ಬೆರಗಾಗಿವೆ ಎಂದುಕೊಂಡು ನಾನು ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದೆ.

'ನೋಡಿ ಸಾರ್, ನನ್ನ ಮುಂದೆ ಎಷ್ಟು ಸಲೀಸಾಗಿ ಮಾತಾಡ್ತವೆ! ಗೋಡೆ ಅಂದುಕೊಂಡಿವೆ ನನ್ನ,' ಎಂದು ಮಿಸ್ ಖುಷಿಪಡುತ್ತಿದ್ದರು.

ಆರನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ತಾಯಿ ಇಲ್ಲ, ಅಜ್ಜಿಯ ಜೊತೆ ಇದ್ದಳು. ಇಂಗ್ಲಿಷ್ ಮಾತಾಡುವುದರಲ್ಲಿ ಇಡೀ ಶಾಲೆಗೆ ಮುಂದು. ಬರೀ ವಾಟರ್, ಗೋ ಅಲ್ಲ, ಕಥೆ ಹೇಳುತ್ತಿದ್ದಳು, ಮಿಸ್ಸಿನ ಜೊತೆ ವಾದ ಮಾಡುತ್ತಿದ್ದಳು. ಮಿಸ್ಸಿಗೆ ಅವಳೆಂದರೆ ಪ್ರಾಣ. ಆ ಹೊತ್ತಿಗೆ ಹೆಡ್‌ಮಾಸ್ಟರು ನಿವೃತ್ತರಾಗಿ ನಾನೇ ಇನ್‌ಚಾರ್ಜ್ ಆಗಿದ್ದೆ. ಕನ್ನಡವಿಲ್ಲದ ಈ ಪಾಠ ನೋಡಲು ಮುಂದಿನ ಗುರುವಾರ ಹತ್ತಾರು ಶಾಲೆಯ ಶಿಕ್ಷಕರು ಬರುವವರಿದ್ದರು. ಎಲ್ಲರ ಮುಂದೆ ಮೊದಲು ಮಾತಾಡಬೇಕಾದವಳು ಆ ಹುಡುಗಿಯೇ.

ಅದಕ್ಕೆ ಮುಂಚಿನ ಶನಿವಾರ. ಬೆಳಗಿನ ಶಾಲೆ ಬಿಡುವ ಹೊತ್ತು. ಮಿಸ್ ಆಫೀಸ್ ರೂಮಿಗೆ ಬಂದು ಬಾಗಿಲು ಹಾಕಿದರು. ಮುಖ ಬಿಳಿಚಿಕೊಂಡಿತ್ತು.

'ಸಾರ್, ಆ ಹುಡುಗೀನ ನಾಳೆ ಶಾಲೆ ಬಿಡಿಸಿ ಮೈಸೂರಿಗೆ ಕಳಿಸ್ತಾರಂತೆ. ಯಾರದೋ ಮನೆಯಲ್ಲಿ ಮಗು ನೋಡ್ಕೊಳ್ಳೋಕೆ. ಅವರ ಚಿಕ್ಕಪ್ಪ ಬಂದು ಕರ್ಕೊಂಡು ಹೋಗ್ತಾನಂತೆ. ಈಗ ನನ್ನ ಟೇಬಲ್ ಹತ್ರ ನಿಂತು ಗೆಳತಿಗೆ ಹೇಳ್ತಿದ್ಲು.'

'ಮಕ್ಕಳು ನೂರು ಹೇಳ್ತವೆ ಮಿಸ್.'

'ಇಲ್ಲ ಸಾರ್, ನಿಜ ಇದು. ನಾನು ಈಗಲೇ ಅವರ ಮನೆಗೆ ಹೋಗಿ ಅಜ್ಜಿ ಹತ್ರ ಮಾತಾಡ್ತೀನಿ.'

'ಕನ್ನಡದಲ್ಲಾ?'

'ಮತ್ತೆ ಅಜ್ಜಿ ಹತ್ರ ಇಂಗ್ಲಿಷಲ್ಲಿ ಮಾತಾಡ್ಲಾ?'

ನಾನು ಏನು ಹೇಳಿದೆ ಎಂಬುದು ಒಂದೊಂದು ಮಾತೂ ನೆನಪಿದೆ. 'ಬೀದಿ ತುಂಬ ಮಕ್ಕಳಿರ್ತವೆ. ನೀವು ಕನ್ನಡದಲ್ಲಿ ಬಾಯಿ ಬಿಟ್ಟರೆ ಇಷ್ಟು ವರ್ಷದ್ದೆಲ್ಲ ನೀರಲ್ಲಿ ಹೋಮ. ಇನ್ನು ಮೇಲೆ ನಿಮ್ಮ ಮುಂದೆ ಒಂದು ಮಗುವೂ ಬಾಯಿ ಬಿಡಲ್ಲ. ಗುರುವಾರ ಅಷ್ಟು ಜನ ಬರ್ತಿದ್ದಾರೆ. ನಾಳೆಯೇ ಎಲ್ಲಿ ಕಳಿಸ್ತಾರೆ? ಸೋಮವಾರ ಬೆಳಿಗ್ಗೆ ನಾನೇ ಹೋಗಿ ಮಾತಾಡ್ತೀನಿ, ಸುಮ್ಮನಿರಿ.' ಆಗಲೇ ಯಾಕೆ ಹೋಗಲಿಲ್ಲ ಎಂದರೆ, ಬಿಳಿಗೆರೆಯಲ್ಲಿ ನನ್ನ ಷಡ್ಡಕನ ಮನೆಯ ಗೃಹಪ್ರವೇಶ ಇತ್ತು. ಊಟದ ಹೊತ್ತಿಗೆ ತಲುಪಬೇಕಿತ್ತು. ಇಷ್ಟೇ ಕಾರಣ.

ಮಿಸ್ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಬ್ಯಾಗು ತೆಗೆದುಕೊಂಡು ನನ್ನ ಜೊತೆ ಬಸ್ಸು ಹತ್ತಿದರು.

ಸೋಮವಾರ ಹುಡುಗಿ ಬರಲಿಲ್ಲ. ಮಿಸ್ ಹಾಜರಿ ಕೂಡ ಹಾಕದೆ ನೇರ ಅವಳ ಮನೆಗೆ ಹೋದರು. ನಾನು ಹಿಂದೆ ಓಡಿದೆ. ಪುಣ್ಯಕ್ಕೋ ಪಾಪಕ್ಕೋ, ಮಕ್ಕಳೆಲ್ಲ ಪ್ರಾರ್ಥನೆಗೆ ನಿಂತಿದ್ದವು, ಬೀದಿಯಲ್ಲಿ ಯಾರೂ ಇರಲಿಲ್ಲ. ಅಜ್ಜಿ ಹೊಸಿಲ ಮೇಲೆ ಕೂತು ಅಳುತ್ತಿತ್ತು. 'ಮೈಸೂರು ಅಂದ ಕಣವ್ವ. ಯಾವ್ ಬೀದಿ ಅಂತ ನಂಗೇನ್ ಗೊತ್ತು?' ಚಿಕ್ಕಪ್ಪನ ಫೋನು ಬಂದ್ ಆಗಿತ್ತು. ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆವು, ಮನೆಯ ವಿಳಾಸ ಕೇಳಿದರು. ವಿಳಾಸ ಇದ್ದಿದ್ದರೆ ನಾವೇ ಹೋಗುತ್ತಿದ್ದೆವು. ಪತ್ತೆಯೇ ಹತ್ತಲಿಲ್ಲ.

ಗುರುವಾರದ ಪಾಠ ಚೆನ್ನಾಗಿಯೇ ನಡೆಯಿತು. ಬಂದವರು ಚಪ್ಪಾಳೆ ತಟ್ಟಿದರು. ಮಾರನೇ ದಿನ ಮಿಸ್ ತಮ್ಮ ಟೇಬಲ್ಲನ್ನು ಬೋರ್ಡಿನ ಪಕ್ಕದ ಮೂಲೆಗೆ ಎಳೆದುಕೊಂಡರು. ಸುತ್ತ ಯಾರೂ ನಿಲ್ಲುವ ಹಾಗಿಲ್ಲ, ಪುಸ್ತಕ ಇಟ್ಟು ಜಾಗಕ್ಕೆ ಹೋಗಬೇಕು. ನಾನು ಯಾಕೆಂದು ಕೇಳಿದೆ. 'ಕದ್ದು ಕೇಳಿದ್ದು ಸಾಕು ಸಾರ್. ಕೇಳಿಯೂ ಏನು ಮಾಡಿದೆ?' ಎಂದರು. ಮುಂದಿನ ವರ್ಷ ವರ್ಗ ಕೇಳಿ ತಿ. ನರಸೀಪುರದ ಕಡೆಗೆ ಹೊರಟುಹೋದರು. ಅಲ್ಲಿ ಎಲ್ಲರ ಹಾಗೆ ಕನ್ನಡದಲ್ಲಿ ಅರ್ಥ ಹೇಳಿಯೇ ಇಂಗ್ಲಿಷ್ ಕಲಿಸಿದರಂತೆ. ಅವರ ನಿವೃತ್ತಿಯ ದಿನ ನಾನು ಹೋಗಿದ್ದೆ. ಹಾರ, ಶಾಲು ಎಲ್ಲ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, 'ಆ ಹುಡುಗಿ ಏನಾದ್ಲು ಸಾರ್, ಏನಾದ್ರೂ ಗೊತ್ತಾಯ್ತಾ?' ಎಂದು ಕೇಳಿದರು. ನಾನೂ ಆ ಊರು ಬಿಟ್ಟು ವರ್ಷಗಳಾಗಿದ್ದವು, ಗೊತ್ತಿರಲಿಲ್ಲ. ಅದೇ ಕೊನೆಯ ಮಾತು. ಈಗ ಎದೆನೋವು ಅಂದವರು ಆಸ್ಪತ್ರೆ ತಲುಪಲೂ ಇಲ್ಲ.

ಸಭೆ ಮುಗಿದು ಜನ ಊಟಕ್ಕೆ ಎದ್ದರು. ಪೆಂಡಾಲಿನ ಹೊರಗೆ ಕೈ ತೊಳೆಯುತ್ತಿದ್ದೆ, ಇಬ್ಬರು ಹೆಣ್ಣುಮಕ್ಕಳು ಬಂದು ನಿಂತರು. ನಕ್ಕವರಲ್ಲಿ ಇವರೂ ಇದ್ದರು.

'ನಕ್ಕುದ್ದಕ್ಕೆ ತೆಪ್ಪು ತಿಳ್ಕಬ್ಯಾಡಿ ಸಾ. ತಡ್ಯಕ್ಕಾಗ್ನಿಲ್ಲ,' ಎಂದಳು ಒಬ್ಬಳು. ನೋಡಿದೆ. ಅವಳೇ. ಆ ಹುಡುಗಿ! ಜೊತೆಗಿದ್ದವಳು ಅವತ್ತು ಟೇಬಲ್ ಹತ್ತಿರ ನಿಂತು ಕೇಳಿಸಿಕೊಂಡಿದ್ದ ಗೆಳತಿ.

'ಎಲ್ಲಮ್ಮಾ ಹೋಗಿದ್ದೆ ನೀನು?' ಎಂದೆ.

'ಏಳ್ತೀನಿ ಸಾ. ಮೊದ್ಲು ಇದ್ ಕೇಳಿ. ಮಿಸ್ಸಿಗೆ ಕನ್ನಡ ಬತ್ತದೆ ಅಂತ ನಮ್ಗೆಲ್ಲಾ ಗೊತ್ತಿತ್ತು. ಮೊದುಲ್ನೇ ವರ್ಸ್‌ದಿಂದ್ಲೂವೆ.'

'ಹೇಗೆ?'

'ಬುಕ್ ಎಣ್ಸೋವಾಗ ತುಟಿ ಆಡ್ತಿತ್ತಲ್ಲಾ ಸಾ? ಕನ್ನಡದಲ್ಲೇ ಎಣ್ಸೋರು. ಮುಂದುಗಡೆ ಕುಂತಿದ್ದೋರ್ಗೆ ಚೆಂದಾಗ್ ಕಾಣೋದು.'

'ನಾವೇನಾರ ತಮಾಸೆ ಆಡುದ್ರೆ ಬೋರ್ಡ್ ಕಡೀಕ್ ತಿರೀಕಬುಡೋರು,' ಎಂದಳು ಗೆಳತಿ. 'ಬೆನ್ನು ಕುಲುಕೋದು.'

ಕುರ್ಚಿ ಎಳೆದುಕೊಂಡು ಕೂತೆ. ಏಳು ವರ್ಷ! ಬಾಗಿಲು ಹಾಕಿಕೊಂಡು ಪಿಸುಗುಟ್ಟಿದ್ದೇನು, ಕಾಲ ಮೇಲೆ ಬೆಂಚು ಬಿದ್ದಾಗ ಕಚ್ಚಿಕೊಂಡ ಹಲ್ಲೇನು! ನಂಬಿದ್ದವರು ನಾವಿಬ್ಬರು ದೊಡ್ಡವರು ಮಾತ್ರ.

'ಮತ್ತೆ ಯಾಕೆ ಯಾರೂ ಹೇಳಲಿಲ್ಲ?'

'ಪಾಪ, ಅಷ್ಟ್ ಕಷ್ಟ ಬಿದ್ದು ನಡುಸ್ತಾವ್ರೆ, ನಾವ್ಯಾಕ್ ಆಳ್ ಮಾಡದು ಅಂತ. ನಮ್ಗೂ ಅನ್ಕೂಲಾಗಿತ್ತು ಸಾ. ನಂಗೆ ಚಪ್ಲಿ ಇಲ್ಲ ಅಂತ ನಿಮ್ ಮುಂದೆ ನಿಂತ್ಕಂಡು ಏಳಕ್ಕಾಯ್ತದಾ? ನಾಚ್ಕೆ ಆಯ್ತದೆ. ಮಿಸ್ ಟೇಬಲ್ ತಾವ ನಿಂತು ನಾವ್ ನಾವೇ ಮಾತಾಡ್ಕಂಡ್ರೆ ವಾರುಕ್ಕೆ ಚಪ್ಲಿ ಬಂದ್‌ಬುಡೋದು. ಯಾರ್ಗಾರ ಕಷ್ಟ ಬಂದ್ರೆ, ಓಗು, ಮಿಸ್ ತಾವ ನಿಂತು ಮಾತಾಡು ಅಂತಿದ್ದೋ.'

ನನಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಆ ಶನಿವಾರ ಕಣ್ಣ ಮುಂದೆ ಬಂತು.

'ಅವತ್ತು ನಾನೂ ಅಂಗೇ ಏಳಿದ್ದು ಸಾ,' ಎಂದಳು. 'ಕೇಳುಸ್ಲಿ ಅಂತ್ಲೇ. ಒಂದ್ಸಲ ಅಲ್ಲ, ಮೂರ್ ಸಲ ಏಳ್ದೆ. ಇವ್ಳಿಗೆ ಕಿವಿ ಕೇಳ್ದೋಳಂಗೆ ಆಂ, ಆಂ ಅನ್ನು ಅಂತ ಮೊದ್ಲೇ ಏಳ್ಕೊಟ್ಟಿದ್ದೆ. ಜೋರಾಗೇ ಏಳ್ದೆ. ಮಿಸ್ಸು ಪೆನ್ನು ನಿಲ್ಲುಸುದ್ರು. ಆಮ್ಯಾಲೆ ನನ್ ಬುಕ್ಕಲ್ಲಿ ವೆರಿ ಗುಡ್ ಅಂತ ಬರ್ದು ಕೊಟ್ರು. ಭಾನ್ವಾರ ಬಸ್ಸು ಬರೋಗಂಟ ಅಟ್ಟಿ ಬಾಗ್ಲಲ್ಲೇ ಕುಂತಿದ್ದೆ, ಬತ್ತರೆ ಅಂತ.'

ಆಮೇಲಿನದನ್ನೂ ಹೇಳಿದಳು. ಆ ಮನೆಯ ಗಂಡ ಹೆಂಡತಿ ಮಗುವಿನ ಜೊತೆ ಇಂಗ್ಲಿಷಿನಲ್ಲೇ ಮಾತಾಡುವವರಂತೆ. ಆರು ತಿಂಗಳಿಗೆ ಎಂದು ಮಾತಾಗಿತ್ತು. ಇವಳಿಗೆ ಇಂಗ್ಲಿಷ್ ಬರುವುದು ನೋಡಿ ಖುಷಿಯಾಗಿ ಎರಡು ವರ್ಷ ಬಿಡಲೇ ಇಲ್ಲ. 'ಮಿಸ್ ಕಲ್ಸಿದ್ ಇಂಗ್ಲಿಷೇ ನನ್ನ ಇಡ್ಕಂಡ್‌ಬುಡ್ತು ಸಾ' ಎಂದಳು, ಕೋಪವಿಲ್ಲದೆ. ಮಿಸ್ ಇದ್ದಿದ್ದರೆ ಈ ಮಾತನ್ನು ಹೇಗೆ ತಡೆದುಕೊಳ್ಳುತ್ತಿದ್ದರು? ಈಗ ಅವಳು ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ. ಮತ್ತೆ ಶಾಲೆಗೆ ಸೇರಲಿಲ್ಲ.

'ಒಂದ್ ಕೇಳ್ಬೇಕು ಸಾ. ಅದ್ಕೇ ಬಂದಿದ್ದು. ಮಿಸ್ಸಿಗೆ ಅವತ್ತು ಕೇಳ್ಸಿತ್ತಾ, ಇಲ್ವಾ? ಕನ್ನಡ ಬತ್ತದೆ ಅಂತ ನಾವೇ ತೆಪ್ಪು ತಿಳ್ಕಂಡಿದ್ವೇನೋ ಅಂತ ಎಷ್ಟೋ ಸಲ ಅನ್ಕಂಡಿದ್ದೀನಿ. ಕೇಳ್ಸೂ ಬರ್ನಿಲ್ವಾ ಅಂತ ಒಂದೇ ಕೊರ್ಗು ನಂಗೆ.'

ಕೇಳಿಸಲಿಲ್ಲಮ್ಮ ಎಂದರೆ ಮುಗಿದುಹೋಗುತ್ತಿತ್ತು. ಸತ್ತವರ ಮರ್ಯಾದೆ ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು. ನಿಜ ಹೇಳುತ್ತೇನೆ, ಆ ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಪೆಂಡಾಲಿನ ಒಳಗೆ ಮಿಸ್ಸಿನ ಫೋಟೋ ಕಾಣುತ್ತಿತ್ತು, ಬಿಗಿಯಾದ ಅದೇ ಜಡೆ.

'ಕೇಳಿಸಿತ್ತು,' ಎಂದೆ. 'ಅವರು ಆಗಲೇ ನಿಮ್ಮ ಮನೆಗೆ ಹೊರಟಿದ್ದರು. ಬಾಗಿಲವರೆಗೂ ಹೋಗಿದ್ದರು. ಬೇಡ ಅಂತ ತಡೆದವನು ನಾನು. ಸೋಮವಾರ ಹೋಗ್ತೀನಿ ಅಂದೆ. ಗುರುವಾರ ಬರೋರ ಮುಂದೆ ಮರ್ಯಾದೆ ಹೋಗಬಾರದು ಅಂದುಕೊಂಡೆ. ನನಗೆ ಒಂದು ಊಟಕ್ಕೆ ಹೋಗಬೇಕಿತ್ತು.'

ಅವಳು ನನ್ನನ್ನು ನೋಡುತ್ತ ನಿಂತಳು. ಬೈಯಲಿ, ಎರಡು ಬಿಟ್ಟರೂ ಸರಿ ಎಂದುಕೊಂಡೆ. ಅವಳು ಮೆಲ್ಲಗೆ ಗೆಳತಿಯ ಕಡೆ ತಿರುಗಿ, ಕನ್ನಡವೇ ಬಾರದ ಒಬ್ಬ ಮನುಷ್ಯ ಪಕ್ಕದಲ್ಲಿ ಕೂತಿದ್ದಾನೆ ಅನ್ನುವ ಹಾಗೆ ಹೇಳಿದಳು:

'ಲೇ, ಈ ಸಾರು ಅವತ್ತು ಬುಟ್ಟಿದ್ರೆ ಸಾಕಾಗಿತ್ತು ಕಣೆ. ಮಿಸ್ಸು ಬಂದ್‌ಬುಡೋರು. ನಾನ್ ಓದ್ಕತಿದ್ದೆ.'

ಗೆಳತಿ, 'ಆಂ?' ಎಂದಳು.

ಅವಳು ಇನ್ನೊಂದು ಸಲ ಹೇಳಿದಳು. ಸ್ವಲ್ಪ ಜೋರಾಗಿ.

'ಕೇಳಿಸ್ತಮ್ಮ,' ಎಂದೆ ನಾನು.